ಎರ್ರಗುಟ್ಟದ ಸೈಕಲ್ ಹಾದಿ

ಅಂಬಾದಾಸನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಬೀದರಿನ ಓಣಿಯಲ್ಲಿ ಅವನ ವಾರಿಗೆಯ ಹುಡುಗರೆಲ್ಲ ಬಾಡಿಗೆ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದಾಗ, ತಾಯಿ ಅಂಬವ್ವ "ಬಿದ್ದು ಹಲ್ಲು ಮುರಕೊಂಡ್ರ ನಿನಗ ಯಾರು ಹೆಣ್ಣು ಕೊಡ್ತಾರ" ಎಂದು ಅವನನ್ನು ಪಡಸಾಲೆಯಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದಳು. ಮಗ್ಗಿ ಬಂತು, ಇಂಜಿನಿಯರಿಂಗ್ ಬಂತು, ಹೈದರಾಬಾದಿನ ಹೈಟೆಕ್ ಸಿಟಿಯ ಗಾಜಿನ ಕಟ್ಟಡವೊಂದರಲ್ಲಿ ಡೆಲಿವರಿ ಮ್ಯಾನೇಜರ್ ಎಂಬ ಹುದ್ದೆ ಬಂತು, ಗುಲಬರ್ಗಾದ ದಾನೇಶ್ವರಿ ಹೆಂಡತಿಯಾಗಿ ಬಂದಳು. ಸೈಕಲ್ ಮಾತ್ರ ಬರಲಿಲ್ಲ. ನಲವತ್ತರ ಹತ್ತಿರ ಬಂದರೂ ಅದರಿಂದ ಅವನ ಯಾವ ಕೆಲಸವೂ ನಿಂತಿರಲಿಲ್ಲ.

ತೊಂದರೆ ಶುರುವಾದದ್ದು ಆಸ್ಟ್ರೇಲಿಯಾದಿಂದ.

ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಏಳುತ್ತಿದ್ದ ಕಾಲ ಅದು. ಹೈಟೆಕ್ ಸಿಟಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಒಳಗೆ ಕೂರಲು ಜನ ಸಿಗದೆ ಕಂಪನಿಗಳು ಒಂದು ಇನ್ನೊಂದರ ಜನರನ್ನು ಎಳೆದುಕೊಳ್ಳುತ್ತಿದ್ದವು. ಅಂಬಾದಾಸನ ಕಂಪನಿ ಬ್ರಿಸ್ಬೇನಿನ ಒಂದು ವಿಮಾ ಸಂಸ್ಥೆಯ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಆ ಸಂಸ್ಥೆಯ ದೊಡ್ಡ ಅಧಿಕಾರಿ ಕಾಲಿನ್ ಫ್ರೇಸರ್ ಫೋನಿನಲ್ಲಿ ಬರುತ್ತಿದ್ದ. ಮೇಜಿನ ನಡುವೆ ಆಮೆಯಂತೆ ಕುಳಿತ ಸ್ಪೀಕರ್ ಫೋನಿನ ಸುತ್ತ ಇವರೆಲ್ಲ ಪೂಜೆಗೆ ಕೂತವರಂತೆ ಕೂರುತ್ತಿದ್ದರು.

ಪರದೇಶದ ಗಿರಾಕಿಗಳ ಜೊತೆ ಒಮ್ಮೆಲೇ ಕೆಲಸದ ಮಾತಿಗೆ ಇಳಿಯಬಾರದು, ಮೊದಲು ರಜೆ ಹೇಗೆ ಕಳೆಯಿತು ಎಂದು ಕೇಳಬೇಕು ಎಂದು ಕಂಪನಿ ಒಂದು ಇಡೀ ದಿನದ ತರಬೇತಿ ಕೊಡಿಸಿತ್ತು. ಹಾಗಾಗಿ ಎಲ್ಲರೂ ಕೇಳುತ್ತಿದ್ದರು, ಕಾಲಿನ್ ಹೇಳುತ್ತಿದ್ದ. ಅವನದು ಯಾವಾಗಲೂ ಒಂದೇ ಕಥೆ: ಊರಾಚೆಯ ಕುರುಚಲು ಕಾಡು, ಕೆಂಪು ಮಣ್ಣಿನ ದಾರಿ, ಎರಡು ದಿನದ ಸೈಕಲ್ ಪ್ರವಾಸ, ಅಡ್ಡ ಬಂದ ಕಾಂಗರೂ. ಇವರು ಸರದಿಯಂತೆ "ವಾವ್" ಎನ್ನುತ್ತಿದ್ದರು.

ಒಂದು ಸೋಮವಾರ ಕಾಲಿನ್ ತರಬೇತಿಯಲ್ಲಿಲ್ಲದ ಕೆಲಸ ಮಾಡಿದ. "ಸರಿ, ಅಂಬಾದಾಸ್, ನಿನ್ನ ಭಾನುವಾರ ಹೇಗಿತ್ತು?" ಎಂದು ತಿರುಗಿ ಕೇಳಿಬಿಟ್ಟ.

ಅಂಬಾದಾಸನ ಭಾನುವಾರ ಹೀಗಿತ್ತು: ತಡವಾಗಿ ಎದ್ದಿದ್ದ, ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದಿದ್ದ, ಉಂಡು ಮತ್ತೆ ಮಲಗಿದ್ದ. ಅದನ್ನು ಇಂಗ್ಲಿಷಿಗೆ ತಿರುಗಿಸಿದರೆ ಏನೂ ಉಳಿಯುವುದಿಲ್ಲ ಎನಿಸಿ ಅವನ ನಾಲಿಗೆ ತಾನಾಗಿಯೇ ಹೊರಳಿತು. "ನಾನೂ ಸೈಕಲ್ ಹೊಡೆಯುತ್ತೇನೆ ಸರ್. ಹೈದರಾಬಾದಿನ ಹೊರಗೆ ಕಾಡಿದೆ. ಪ್ರತಿ ಭಾನುವಾರ ಹೋಗುತ್ತೇನೆ."

ಆ ಕಡೆಯಿಂದ ಸಂತೋಷದ ಕೂಗು ಕೇಳಿಸಿತು. "ಇಷ್ಟು ದಿನ ಹೇಳಲೇ ಇಲ್ಲವಲ್ಲ ಮಾರಾಯ! ಜನವರಿಯಲ್ಲಿ ಬರುತ್ತಿದ್ದೇನೆ. ನಾವಿಬ್ಬರೂ ಹೋಗಲೇಬೇಕು."

ಮೇಜಿನ ತುದಿಯಲ್ಲಿ ವೈಸ್ ಪ್ರೆಸಿಡೆಂಟ್ ನರಹರಿ ಕುಳಿತಿದ್ದರು. ರಾಯಚೂರಿನವರು. ಆಫೀಸಿನಲ್ಲಿ ಅವರು ಕನ್ನಡ ಮಾತಾಡುತ್ತಿದ್ದುದು ತೀರ ಸಿಟ್ಟು ಬಂದಾಗ ಇಲ್ಲವೇ ತೀರ ಖುಷಿಯಾದಾಗ. ಫೋನಿನ ಬಾಯಿ ಮುಚ್ಚುವ ಗುಂಡಿ ಒತ್ತಿ ಅವರು ಅಂಬಾದಾಸನ ಬೆನ್ನಿಗೆ ಗುದ್ದಿದರು. "ಭಲೇ ಮಗನ! ಅವ ಬರೋದು ಕರಾರು ಮುಂದುವರಿಸಬೇಕೋ ಬ್ಯಾಡೋ ನೋಡಾಕ. ನೀ ಅವನ್ನ ಅಡವ್ಯಾಗ ತಿರುಗಿಸಿ ಖುಷಿ ಮಾಡು. ಉಳಿದದ್ದು ನಾ ನೋಡ್ಕೋತೀನಿ."

ನನಗೆ ಸೈಕಲ್ ಬರುವುದಿಲ್ಲ ಎಂದು ಹೇಳಲು ಅದು ಸರಿಯಾದ ಗಳಿಗೆಯಾಗಿತ್ತು. ಆ ಗಳಿಗೆ ಹಾಗೇ ದಾಟಿಹೋಯಿತು.

ಸಂಜೆ ಮನೆಗೆ ಬಂದು ಅಂಬಾದಾಸ ಹೆಂಡತಿಯ ಮುಂದೆ ತಪ್ಪೊಪ್ಪಿಕೊಂಡ. ದಾನೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಡವಿ? ನೀವು? ಗಲ್ಲಿ ನಾಯಿಗಿ ಅಂಜಿ ಹಾಲಿನ ಪಾಕೀಟು ತರಾಕೂ ಕಾರಿನ್ಯಾಗ ಹೋಗ್ತೀರಿ."

"ಬಾಯಿ ತಪ್ಪಿ ಬಂತು. ಈಗ ಏನ್ ಮಾಡ್ಲಿ ಹೇಳು."

"ಇನ್ನ ಮಾಡೋದೇನೈತಿ? ಕಲೀರಿ. ನಾ ಕಾಲೇಜಿಗಿ ಸೈಕಲ್ ಮ್ಯಾಲೆ ಹೋಗ್ತಿದ್ದೆ. ಗುಲಬರ್ಗಾದ ಸೂಪರ್ ಮಾರ್ಕೆಟ್ ರಸ್ತೆಯ ಗದ್ದಲದಾಗ ಒಂದು ಕೈ ಬಿಟ್ಟು ಹೊಡೀತಿದ್ದೆ."

ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಈ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ಅವನು ಕೇಳಿರಲೂ ಇಲ್ಲ.

ಇತ್ತ ಆಫೀಸಿನಲ್ಲಿ ಸೈಕಲ್ಲಿಗಿಂತ ಮೊದಲು ಸೈಕಲ್ ಸಂಘ ಹುಟ್ಟಿತು. ಅದಕ್ಕೆ 'ಪೆಡಲ್ ಫಾರ್ ಎಕ್ಸಲೆನ್ಸ್' ಎಂದು ಹೆಸರಾಯಿತು. ಸಿಬ್ಬಂದಿ ವಿಭಾಗದ ಶೀತಲ ಅದರ ಕಾರ್ಯದರ್ಶಿ. ಲಾಂಛನದಲ್ಲಿ ಚಕ್ರದೊಳಗೆ ಎಲೆ ಇರಬೇಕೋ ಎಲೆಯೊಳಗೆ ಚಕ್ರ ಇರಬೇಕೋ ಎಂಬ ಪ್ರಶ್ನೆ ಮೂರು ಸಭೆಗಳನ್ನು ತಿಂದಿತು. ಅಂಗಿ ಹೊಲಿಸಿದರು, ಟೋಪಿ ಹೊಲಿಸಿದರು, ನೀರಿನ ಬಾಟಲಿಯ ಮೇಲೆ ಘೋಷವಾಕ್ಯ ಅಚ್ಚು ಹಾಕಿಸಿದರು. ಆಫೀಸಿಗೆ ಆಗ ಸೈಕಲ್ಲಿನ ಮೇಲೆ ಬರುತ್ತಿದ್ದವನು ಚಹಾ ತರುವ ಖಾದರ್ ಒಬ್ಬನೇ. ಅವನ ಸೈಕಲ್ ಗಿಡದ ಕುಂಡಗಳ ಪಕ್ಕದಲ್ಲಿ ನಿಂತರೆ ಕಟ್ಟಡದ ಅಂದ ಕೆಡುತ್ತದೆ ಎಂದು ಸೆಕ್ಯೂರಿಟಿಯವರು ಅದನ್ನು ಹಿಂದಿನ ಗೇಟಿನ ಹೊರಗೆ ನಿಲ್ಲಿಸುತ್ತಿದ್ದರು. ಸಂಘಕ್ಕೆ ಅವನನ್ನು ಯಾರೂ ಕರೆಯಲಿಲ್ಲ.

ಕಂಪನಿಯ ಖರ್ಚಿನಲ್ಲೇ ಅಂಬಾದಾಸನಿಗೆ ಒಂದು ಪರದೇಶಿ ಸೈಕಲ್ ಬಂತು. ಅದಕ್ಕೆ ಗೇರುಗಳು ಎಷ್ಟಿದ್ದವೆಂದರೆ ಮೊದಲ ವಾರ ಅವನು ಅವನ್ನು ಮುಟ್ಟುವ ಗೋಜಿಗೇ ಹೋಗಲಿಲ್ಲ. ದಾನೇಶ್ವರಿ ತನಗೆಂದು ಮುಂದೆ ಬುಟ್ಟಿಯಿರುವ ಹಳೆಯ ಲೇಡೀಸ್ ಸೈಕಲ್ ಒಂದನ್ನು ತರಿಸಿಕೊಂಡಳು.

ಅವರ ಫ್ಲ್ಯಾಟ್ ಇದ್ದದ್ದು ಶಂಶಾಬಾದಿನಲ್ಲಿ. ಅದರ ಹಿಂದೆ ಮನೆಗಳೇ ಇಲ್ಲದ, ಬರೀ ರಸ್ತೆಗಳಿದ್ದ ಲೇಔಟು. ನಸುಕಿನಲ್ಲಿ ಅಲ್ಲಿ ಪಾಠ ನಡೆಯುತ್ತಿತ್ತು. ದಾನೇಶ್ವರಿ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದಳು. ಅಪಾರ್ಟ್‌ಮೆಂಟಿನ ವಾಚ್‌ಮನ್ ಮೌನಪ್ಪ, ಯಾದಗಿರಿ ಕಡೆಯವನು, ಬೇವಿನ ಕಡ್ಡಿ ಅಗಿಯುತ್ತ ನೋಡುತ್ತ ನಿಲ್ಲುತ್ತಿದ್ದ.

"ಇಷ್ಟು ರೊಕ್ಕ ತಗೊಂಡು ಒಂದು ಸ್ಟ್ಯಾಂಡ್ ಕೊಡಲಿಲ್ಲೇನ್ರೀ ಮಕ್ಕಳು?" ಎಂದ ಅವನು ಮೊದಲ ದಿನ. "ಬೆಲ್ಲೂ ಇಲ್ಲ. ಕ್ಯಾರಿಯರೂ ಇಲ್ಲ."

"ಇದು ಅಡವಿ ಸೈಕಲ್ಲಪ್ಪ," ಎಂದ ಅಂಬಾದಾಸ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡು.

"ಅಡವ್ಯಾಗ ಕಟ್ಟಿಗಿ ಹೇರಾಕ ಕ್ಯಾರಿಯರ್ ಬೇಕಲ್ರೀ ಮತ್ತ?"

ಅಂಬಾದಾಸನಿಗೆ ಕೆಳಗೆ ನೋಡುವ ಚಟ. ಮುಂದಿನ ಚಕ್ರವನ್ನೇ ನೋಡುತ್ತ ಹೋಗಿ ಜಾಲಿಕಂಟಿಗೆ ಬೀಳುತ್ತಿದ್ದ. ಹೆಂಡತಿ ಮೊಣಕೈಯಿಂದ ಮುಳ್ಳು ಕೀಳುತ್ತ, "ದೂರ ನೋಡ್ರಿ, ದೂರ. ಸೈಕಲ್ಲಿಗಿ ನಿಮ್ಮ ಕಣ್ಣು ಹೋದ ಕಡೆ ಹೋಗೋ ಬುದ್ಧಿ ಐತಿ," ಎನ್ನುತ್ತಿದ್ದಳು. ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಅವನು ದೂರದ ವಿಮಾನ ನಿಲ್ದಾಣದ ಕ್ರೇನನ್ನೇ ನೋಡುತ್ತ ಹೊಡೆಯುತ್ತಿದ್ದಾಗ ಹಿಂದೆ ಹೆಜ್ಜೆಯ ಸದ್ದಿಲ್ಲ ಅನ್ನಿಸಿತು. ತಿರುಗಿ ನೋಡಿದರೆ ದಾನೇಶ್ವರಿ ಎಲ್ಲೋ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನು ಆನಂದದಿಂದ ಚೀರಿದ, ಚೀರಿದ್ದರಿಂದಲೇ ಬಿದ್ದ. ಆದರೂ ಆ ದಿನ ಆಫೀಸಿನಲ್ಲಿ ಅವನ ಮುಖ ನೋಡಿ, ಬಡ್ತಿ ಸಿಕ್ಕಿತೇ ಎಂದು ಇಬ್ಬರು ವಿಚಾರಿಸಿದರು.

ಸೈಕಲ್ ಬಂತು. ಇನ್ನು ಕಾಡು ಬೇಕಿತ್ತು.

ಕಂಪ್ಯೂಟರಿನ ಉಪಗ್ರಹ ನಕ್ಷೆಯಲ್ಲಿ ಶಹರಿನ ಸುತ್ತ ಅಲ್ಲಲ್ಲಿ ಹಸಿರು ಕಾಣುತ್ತಿತ್ತು. ಗಂಡ ಹೆಂಡತಿ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಒಂದು ಭಾನುವಾರ ಮೊದಲ ಹಸಿರಿಗೆ ಹೋದರು. ಅಲ್ಲೊಂದು ದೊಡ್ಡ ಕಮಾನು ನಿಂತಿತ್ತು: 'ಗ್ರೀನ್ ಫಾರೆಸ್ಟ್ ಮೆಡೋಸ್'. ಕಮಾನಿನ ಆಚೆ ಗ್ರೀನೂ ಇರಲಿಲ್ಲ, ಫಾರೆಸ್ಟೂ ಇರಲಿಲ್ಲ; ಸುಣ್ಣದ ಗೆರೆಗಳಿದ್ದವು. ಕಾರು ನಿಲ್ಲಿಸುತ್ತಿದ್ದಂತೆ ಟೈ ಕಟ್ಟಿದ ಒಬ್ಬ ಏಜೆಂಟ್ ತಣ್ಣನೆಯ ಮಜ್ಜಿಗೆ ಹಿಡಿದು, ತೆಲುಗಿನಲ್ಲಿ ಬನ್ನಿ ಬನ್ನಿ ಎಂದು ಕರೆಯುತ್ತ ಓಡಿಬಂದ. "ರಂಡಿ ಸಾರ್, ರಂಡಿ ಮೇಡಂ! ಈಸ್ಟ್ ಫೇಸಿಂಗ್ ಸೈಟು ಎರಡೇ ಉಳಿದಿದಾವೆ!"

"ಇಲ್ಲಿ ಅಡವಿ ಇತ್ತಂತಲ್ಲ?" ಎಂದು ಅಂಬಾದಾಸ ಹಿಂದಿಯಲ್ಲಿ ಕೇಳಿದ.

"ಇತ್ತು ಸಾರ್. ಎಲ್ಲ ಕ್ಲಿಯರ್ ಮಾಡಿಸಿ ಕೊಟ್ಟಿದ್ದೇವೆ. ಒಂದು ಹುಲ್ಲುಕಡ್ಡಿ ತೋರಿಸಿ ನೋಡೋಣ!" ಎಂದ ಏಜೆಂಟ್ ಹೆಮ್ಮೆಯಿಂದ.

ಎರಡನೆಯ ಹಸಿರಿಗೆ ಗೋಡೆ ಬಂದಿತ್ತು. ಮೂರನೆಯ ಹಸಿರನ್ನು ತುಂಬಿದ್ದದ್ದು ಲಾರಿಗಳು. ಅಂಬಾದಾಸನಿಗೆ ಭಯವಾಯಿತು, ಕರಾರು ಕಣ್ಣೆದುರೇ ಕರಗಿದಂತೆ ಕಂಡಿತು. ಕೊನೆಗೆ ದಾರಿ ತಪ್ಪಿಯೇ ಅವರು ಎರ್ರಗುಟ್ಟ ಎಂಬ ಗುಡ್ಡದ ಬುಡಕ್ಕೆ ಹೋಗಿ ಸೇರಿದರು. ಡಾಂಬರು ಮುಗಿದು ಬಂಡಿಜಾಡು ಉಳಿದಿತ್ತು. ಜಾಡಿನ ಎರಡೂ ಕಡೆ ಸೀತಾಫಲ, ಮುತ್ತುಗ, ಹಳದಿ ಹೂವಿನ ತಂಗಡಿ. ಆನೆಗಳು ಒಂದರ ಮೇಲೊಂದು ಹತ್ತಿ ಕುಳಿತಂತೆ ಕರಿಬಂಡೆಗಳು. ಬಂಡೆಗಳ ಆಚೆ ಮಳೆನೀರು ನಿಂತ ಒಂದು ಸಣ್ಣ ಕುಂಟೆ, ಅದರಲ್ಲಿ ಬೆಳ್ಳಕ್ಕಿ. ಕುರಿಗಳು ಮಾಡಿದ ದಾರಿ ಬಂಡೆಗಳನ್ನು ಬಳಸಿ, ಕುಂಟೆಯನ್ನು ಸುತ್ತಿ, ಮತ್ತೆ ಕಂಟಿಯೊಳಗೆ ನುಗ್ಗುತ್ತಿತ್ತು.

ಇಬ್ಬರೂ ಸೈಕಲ್ ಇಳಿಸಿದರು. ದಾನೇಶ್ವರಿ ಮುಂದೆ, ಅವನು ಹಿಂದೆ. ಒಂದು ಇಳಿಜಾರಿನಲ್ಲಿ ಅವಳು ನಿಜವಾಗಿಯೂ ಒಂದು ಕೈ ಬಿಟ್ಟಳು. ಅಂಬಾದಾಸ ಕೂಗಿಕೊಳ್ಳಬೇಕೆಂದುಕೊಂಡ, ಆದರೆ ಅಷ್ಟರಲ್ಲಿ ಅವನೂ ಇಳಿಜಾರಿಗೆ ಬಂದಿದ್ದ. ಗಾಳಿ ಅಂಗಿಯೊಳಗೆ ನುಗ್ಗಿತು, ಕೂಗು ನಗೆಯಾಯಿತು. ಸೋಮವಾರದ ಕಾಲ್, ಕರಾರು, ನರಹರಿ, ಯಾವುದೂ ತಲೆಯಲ್ಲಿರಲಿಲ್ಲ. ಕುಂಟೆಯ ದಂಡೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಅವನು, "ನಾ ಸುಳ್ಳು ಹೇಳಿದ್ದು ಛಲೋ ಆತು ನೋಡು," ಎಂದ. ಆಮೇಲೆ ಭಾನುವಾರ ಬಂದರೆ ಅವನೇ ಮೊದಲು ಎದ್ದು ಚಕ್ರಕ್ಕೆ ಗಾಳಿ ಹೊಡೆಯತೊಡಗಿದ.

ಜನವರಿಯಲ್ಲಿ ಕಾಲಿನ್ ಬಂದ. ತೆಳ್ಳಗೆ ಎತ್ತರದ, ಮೂಗು ಸುಟ್ಟ ಮನುಷ್ಯ. ತನ್ನ ಸೈಕಲ್ಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ತಂದಿದ್ದ. ಸವಾರಿಯ ಬೆಳಿಗ್ಗೆ ಎರ್ರಗುಟ್ಟದ ಬಂಡಿಜಾಡಿನ ಬಾಯಲ್ಲಿ ನೆರೆದ ದಂಡನ್ನು ನೋಡಿ ಅವನು ಯಾವುದೋ ಮಂತ್ರಿ ಬರುವವರಿದ್ದಾರೆ ಎಂದುಕೊಂಡ. ಒಂದು ಆಂಬುಲೆನ್ಸ್, ತಿಂಡಿಯ ವ್ಯಾನು, ಬ್ಯಾನರ್ ಕಟ್ಟಿದ ಜೀಪು, ಫೋಟೋದವನು. ಸಂಘದ ಸದಸ್ಯರೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು ಬಾಡಿಗೆಯ ಸೈಕಲ್ಲುಗಳನ್ನು ಕಿವಿ ಹಿಡಿದ ಮೇಕೆಗಳಂತೆ ಹಿಡಿದು ನಿಂತಿದ್ದರು. ಶೀತಲ ಎಲ್ಲರ ಮೂಗಿಗೂ ಬಿಸಿಲಿನ ಮುಲಾಮು ಹಚ್ಚಿಸಿದಳು. ನರಹರಿ ಭಾಷಣ ಮಾಡಿದರು. ಸೈಕಲ್ಲಿನ ಎರಡು ಚಕ್ರಗಳನ್ನು ಎರಡು ಕಂಪನಿಗಳಿಗೆ ಹೋಲಿಸಿದರು. ಯಾವುದು ಮುಂದಿನದು ಎಂದು ಹೇಳದೆ ಜಾಣತನ ತೋರಿಸಿದರು.

ಹಸಿರು ಬಾವುಟ ಬೀಸಿದ ಮೇಲೆ ದಂಡು ಹೊರಟಿತು. ಮೊದಲ ತಿರುವಿನಲ್ಲೇ ಆಂಬುಲೆನ್ಸ್ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಹಿಂದಿನ ವ್ಯಾನು ಅದಕ್ಕೆ ಅಂಟಿ ನಿಂತಿತು, ಸಂಘದವರು ವ್ಯಾನಿಗೆ ಅಂಟಿ ನಿಂತರು. ತಿಂಡಿ ಎಷ್ಟಾದರೂ ಅದರಲ್ಲೇ ಇತ್ತು. ಕುರಿದಾರಿ ಹಿಡಿದು ಮುಂದೆ ಹೋದವರು ಮೂವರೇ: ದಾನೇಶ್ವರಿ, ಕಾಲಿನ್, ಅಂಬಾದಾಸ.

ಕುಂಟೆಯ ಹತ್ತಿರ ಒಂದು ನವಿಲು ಅಡ್ಡ ದಾಟಿತು. ಕಾಲಿನ್ ಸೈಕಲ್ ನಿಲ್ಲಿಸಿ ಹೆಲ್ಮೆಟ್ ತೆಗೆದು ನಿಂತ. ಆಮೇಲೆ ಎತ್ತರದ ಬಂಡೆ ಹತ್ತಿ ಕುಳಿತು ದಾನೇಶ್ವರಿ ಕೊಟ್ಟ ರೊಟ್ಟಿ ಮುರಿದ.

"ನಮ್ಮಲ್ಲಿ ಮರಗಳು ಬೇರೆ. ಆದರೆ ಈ ಸದ್ದು ಒಂದೇ," ಎಂದ.

"ಯಾವ ಸದ್ದು?" ಎಂದು ಅಂಬಾದಾಸ ಕೇಳಿದ.

"ಯಾರೂ ಇಲ್ಲದಿರುವ ಸದ್ದು." ಅವನು ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಂಡು ಎರಡೂ ಕೈ ಅಗಲಿಸಿದ. "ಎಂಥ ಜಾಗ! ಆ ಗಾಜಿನ ಪೆಟ್ಟಿಗೆ ಬಿಟ್ಟು ಮನುಷ್ಯ ಇಂಥ ಕಡೆ ಕುಳಿತು ಕೆಲಸ ಮಾಡಬೇಕು."

ಸರಿಯಾಗಿ ಆಗಲೇ ಬಂಡೆಯ ಕೆಳಗೆ ನರಹರಿ ಕಾಣಿಸಿಕೊಂಡರು. ಜೀಪು ಬಿಟ್ಟು ನಡೆದು ಬಂದು ಬೆವರಿನಲ್ಲಿ ತೊಯ್ದಿದ್ದರು. ಹಿಂದೆ ಫೋಟೋದವನಿದ್ದ. ಕಾಲಿನ್ ಹೇಳಿದ್ದರಲ್ಲಿ ಅವರ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯವೊಂದೇ. ಅವರು ಕೆಳಗಿನಿಂದಲೇ ಗುಡ್ಡವನ್ನು, ಕುಂಟೆಯನ್ನು, ಆಚೆಯ ಬಯಲನ್ನು ಕಣ್ಣಲ್ಲೇ ಅಳೆದರು.

ಕರಾರು ಮುಂದುವರಿಯಿತು. ಆರು ತಿಂಗಳೊಳಗೆ ಎರ್ರಗುಟ್ಟ ಕಂಪನಿಗೆ ಬಂತು. ಕಾಗದಪತ್ರದಲ್ಲಿ ಅದು ಕಾಡಾಗಿರಲಿಲ್ಲ, ಬಂಜರಾಗಿತ್ತು. ಬಂಜರು ಭೂಮಿಯಲ್ಲಿ ಐಟಿ ಬೆಳೆದರೆ ಬೇಡ ಎನ್ನುವವರು ಆಗ ಯಾರಿದ್ದರು? ಹೊಸ ಕ್ಯಾಂಪಸ್ಸಿಗೆ ಗಿರಾಕಿಯ ಗೌರವಾರ್ಥ, ಆಸ್ಟ್ರೇಲಿಯಾದವರು ಕುರುಚಲು ಕಾಡಿಗೆ ಹೇಳುವಂತೆ, 'ದಿ ಬುಷ್' ಎಂದು ಹೆಸರಿಟ್ಟರು. ಕಾಡಿನ ಸ್ಫೂರ್ತಿ ಕ್ಯಾಂಪಸ್ಸಿನಲ್ಲಿ ಉಳಿಯುವಂತೆ ನೋಡಿಕೊಳ್ಳುವ ಸಮಿತಿಗೆ ಅಂಬಾದಾಸನನ್ನೇ ಅಧ್ಯಕ್ಷನನ್ನಾಗಿ ಮಾಡಿದರು.

ಮೊದಲ ಸಭೆಯಲ್ಲಿ ಅವನು ಎದ್ದು ನಿಂತ. "ಸರ್, ಕಾಲಿನ್ ಹೇಳಿದ್ದು ಆ ಅರ್ಥದಲ್ಲಿ ಅಲ್ಲ. ಆ ಬಂಡೆ, ಆ ಕುಂಟೆ ಇರುವುದಕ್ಕೇ ಅದು ಚಂದ."

"ಕುಂಟೆ ತೆಗೀತೀವಿ ಅಂತ ಯಾರು ಹೇಳಿದ್ರು?" ಎಂದು ನರಹರಿ ನಕ್ಷೆ ತೋರಿಸಿದರು. ಕುಂಟೆಯಿದ್ದಲ್ಲಿ ನೀಲಿ ಬಣ್ಣದ ಕಾರಂಜಿ ಇತ್ತು. ಅದರ ಸುತ್ತ ಅಂಬಾದಾಸನ ಕುರಿದಾರಿ ದುಂಡಗಾಗಿ, ಕೆಂಪು ರಬ್ಬರಿನ ಸೈಕಲ್ ಟ್ರ್ಯಾಕ್ ಆಗಿತ್ತು. "ಇನ್ನೇನು ಬೇಕು ನಿನಗ? ದಾರಿ ತಪ್ಪಂಗಿಲ್ಲ, ಮುಳ್ಳು ಚುಚ್ಚಂಗಿಲ್ಲ."

ಅಂಬಾದಾಸ ಕಾಲಿನ್‌ಗೆ ಇಮೇಲ್ ಬರೆದ. ಕಾಲಿನ್ ಕೆಲಸ ಬಿಟ್ಟು ದೀರ್ಘ ಸೈಕಲ್ ಪ್ರವಾಸಕ್ಕೆ ಹೋಗಿದ್ದಾನೆ, ಬೇರೆಯವರನ್ನು ಸಂಪರ್ಕಿಸಿ ಎಂದು ಯಂತ್ರ ಉತ್ತರಿಸಿತು. ಅಂಬಾದಾಸ ಮತ್ತೆ ಎದ್ದು ನಿಲ್ಲಲಿಲ್ಲ. ಫ್ಲ್ಯಾಟಿನ ಕಂತು ಇತ್ತು, ಬಡ್ತಿ ಬರುವುದರಲ್ಲಿತ್ತು, ಸಮಿತಿಯ ಅಧ್ಯಕ್ಷರಿಗೆ ಬೇರೆ ಪಾರ್ಕಿಂಗ್ ಕೊಟ್ಟಿದ್ದರು. ರಾಜೀನಾಮೆಯ ಯೋಚನೆ ಸ್ನಾನ ಮಾಡುವಾಗ ಬರುತ್ತಿತ್ತು, ಮೈ ಒರೆಸಿಕೊಳ್ಳುವಷ್ಟರಲ್ಲಿ ಹೋಗುತ್ತಿತ್ತು.

ಬಂಡೆ ಒಡೆಯುವ ಕೆಲಸ ಶುರುವಾದಾಗ ಅವನು ಒಮ್ಮೆ ನೋಡಲು ಹೋದ. ಬಿಸಿಲಲ್ಲಿ ಒಬ್ಬ ಹೆಂಗಸು ಜಲ್ಲಿಯ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಪಕ್ಕದಲ್ಲಿದ್ದ ಮೌನಪ್ಪ ಅವನನ್ನು ಗುರುತು ಹಿಡಿದು ಓಡಿಬಂದ. ವಾಚ್‌ಮನ್ ಕೆಲಸ ಬಿಟ್ಟು ಮೇಸ್ತ್ರಿಯಾಗಿದ್ದ.

"ನಿಮ್ಮಿಂದ ಭಾಳ ಉಪಕಾರ ಆತ್ರೀ ಸಾಹೇಬ್ರ. ನೀವು ಈ ಗುಡ್ಡ ಹುಡುಕಿದ್ರಿ, ನಮ್ಮ ಊರಿನ ಅರ್ಧ ಮಂದಿಗಿ ಕೆಲಸ ಸಿಕ್ತು. ಅಕಿ ನನ್ನ ಹೆಂಡತಿ ಗದಿಗೆಮ್ಮ. ಏ, ಸಾಹೇಬ್ರಿಗಿ ಶರಣು ಅನ್ನು!"

ಗದಿಗೆಮ್ಮ ಬುಟ್ಟಿ ಹೊತ್ತಿದ್ದರಿಂದ ಕೈ ಮುಗಿಯಲಾಗದೆ ಕಣ್ಣಲ್ಲೇ ನಮಸ್ಕರಿಸಿದಳು. ಅಂಬಾದಾಸ ತಾನೂ ಕೈ ಮುಗಿದ. ಕಾರು ಹತ್ತಿ ಬಂದುಬಿಟ್ಟ.

'ದಿ ಬುಷ್' ಉದ್ಘಾಟನೆಗೆ ನೌಕರರ ಕುಟುಂಬಗಳನ್ನೂ ಕರೆದಿದ್ದರು. ವ್ಯಾಯಾಮಶಾಲೆಯಲ್ಲಿ ಎಲ್ಲಿಗೂ ಹೋಗದ ಸೈಕಲ್ಲುಗಳನ್ನು ಸಾಲಾಗಿ ನೆಲಕ್ಕೆ ಬಿಗಿದಿದ್ದರು. ಎದುರಿನ ಗೋಡೆಯ ತುಂಬ ಎರ್ರಗುಟ್ಟದ ಚಿತ್ರ, ಸವಾರಿಯ ದಿನ ಫೋಟೋದವನು ತೆಗೆದದ್ದು. ಬಂಡೆ, ಕುಂಟೆ, ಮೂಲೆಯಲ್ಲಿ ದಾನೇಶ್ವರಿಯ ಸೈಕಲ್ಲಿನ ಬುಟ್ಟಿ. ನರಹರಿ ಅಂಬಾದಾಸನನ್ನೇ ಮೊದಲ ಸೈಕಲ್ಲಿಗೆ ಹತ್ತಿಸಿದರು. ಅವನು ಪೆಡಲು ತುಳಿದ, ಜನ ಚಪ್ಪಾಳೆ ತಟ್ಟಿದರು, ಮುಂದಿನ ಸಣ್ಣ ಪರದೆಯಲ್ಲಿ ಅವನು ದಾಟಿದ ದೂರ ಬರತೊಡಗಿತು. ದಾನೇಶ್ವರಿ ಗೋಡೆಯ ಹತ್ತಿರ ಹೋಗಿ ಚಿತ್ರದ ಕುಂಟೆಯ ಮೇಲೆ ಕೈಯಾಡಿಸಿ ನೋಡಿದಳು.

ಮನೆ ಬಂದ ಮೇಲೆ, "ನಾ ಮುಂದಿನ ವಾರ ವಿಕಾರಾಬಾದ್ ಗುಡ್ಡದ ಕಡೆ ಸೈಕಲ್ ತಗೊಂಡು ಹೋಗ್ತೀನಿ. ಕಾಲೊನಿ ಹೆಣ್ಮಕ್ಕಳು ಐದು ಮಂದಿ ಹೊಂಟೀವಿ. ನೀವು ಬರ್ತೀರೋ, ಮೀಟಿಂಗ್ ಐತೋ?" ಎಂದು ಕೇಳಿದಳು.

ಮೀಟಿಂಗ್ ಇತ್ತು. ಅದರ ನಂತರದ ವಾರವೂ ಇತ್ತು. ಹೊಸ ಗಿರಾಕಿಗೆ ಓಟದ ಹುಚ್ಚು ಎಂದು ಆಫೀಸಿನಲ್ಲಿ ಸೈಕಲ್ ಸಂಘ ಮುಚ್ಚಿ ಮ್ಯಾರಥಾನ್ ಸಂಘ ಹುಟ್ಟಿತ್ತು. ದಾನೇಶ್ವರಿಯ ಗುಂಪು ಮಾತ್ರ, ಹೆಸರಿಲ್ಲದೆ, ಲಾಂಛನವಿಲ್ಲದೆ, ಪ್ರತಿ ಭಾನುವಾರ ಹೊರಡುತ್ತಿತ್ತು. ಮೂರನೆಯ ತಿಂಗಳು ಒಂದು ಮೀಟಿಂಗ್ ರದ್ದಾಯಿತು. ಅಂಬಾದಾಸ ಕೇಳದೆಯೇ ಹಿಂದೆ ಹೊರಟ.

ಹೆಂಗಸರು ಮಾತಾಡುತ್ತಲೇ ಏರು ಹತ್ತಿದರು. ಅವನು ಬಾಯಿ ಬಿಟ್ಟು ಉಸಿರೆಳೆಯುತ್ತ ಎಲ್ಲರಿಗಿಂತ ಕೊನೆಗೆ ತುದಿ ಮುಟ್ಟಿದ. ಕೆಳಗೆ ಕಣಿವೆ ತುಂಬ ಕಾಡಿತ್ತು, ಮುತ್ತುಗ ಕೆಂಪಗೆ ಹೂ ಬಿಟ್ಟಿತ್ತು. ಮರದ ನೆರಳಲ್ಲಿ ಸುಣ್ಣ ಬಳಿದ ಹೊಸ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಒಂದೊಂದರ ಮೇಲೂ ಕೆಂಪು ಬಣ್ಣದಲ್ಲಿ ಸರ್ವೆ ನಂಬರ್ ಇತ್ತು. ಅಂಬಾದಾಸ ಅವನ್ನು ನೋಡುತ್ತ ನಿಂತೇ ಇದ್ದ.

"ದಾನೂ, ಇಲ್ಲೂ ಬಂದಾರ," ಎಂದ.

"ನೋಡೀನಿ," ಎಂದಳು ದಾನೇಶ್ವರಿ. ಒಂದು ಕಲ್ಲಿನ ಮೇಲೆ ತಾನು ಕುಳಿತು, ಪಕ್ಕದ ಕಲ್ಲಿನ ಮೇಲೆ ಬುತ್ತಿಯ ಗಂಟು ಬಿಚ್ಚಿದಳು. "ಅವರು ಗೋಡೆ ಕಟ್ಟೂತನ ಕುಂದ್ರಾಕ ಛಲೋ ಅದಾವು. ಬರ್ರಿ, ರೊಟ್ಟಿ ಒಣಗಿ ಕಟಿಯಾಗ್ತಾವು."